ಅರ್ಧ ಹಾಕ್ತೀನಿ, ಬಿಸಿ ಐತಿ

ರಾಂಜಣಗಾಂವ
ಸಂಕಷ್ಟಿಯ ಮರುದಿನ

ಪ್ರೀತಿಯ ತಮ್ಮಾ,

ನಿನ್ನ ಉದ್ದನೆಯ ಮೆಸೇಜು ಬಂದು ಕೆಲವು ದಿನವಾದವು. ನಿನ್ನೆ ಸಂಕಷ್ಟಿ. ಮಹಾಗಣಪತಿಯ ಗುಡಿಗೆ ಪುಣೆ, ಶಿರೂರು, ನಗರದ ಕಡೆಯಿಂದ ಮಂದಿ ಬರುತ್ತಲೇ ಇದ್ದರು. ನನ್ನ ಖಾನಾವಳಿಯಲ್ಲಿ ಹಗಲೆಲ್ಲ ಸಾಬೂದಾಣಿ ಖಿಚಡಿ, ಚಂದ್ರ ಕಂಡ ಮೇಲೆ ಉಪವಾಸ ಬಿಡುವವರ ಊಟ. ಇವತ್ತು ಬೆಳಗಿನ ಪಾಳಿ ಮುಗಿಸಿದ ಹುಡುಗರು ಉಂಡು ಹೋದರು, ಮುಂದಿನ ಪಾಳಿಯವರ ಡಬ್ಬಿ ಕಟ್ಟಿಯಾಯಿತು, ಈಗ ಕೈ ಖಾಲಿ. ಬರೆದು ಹಾಳೆಯ ಫೋಟೋ ಕಳಿಸುತ್ತೇನೆ. ಹಡಗು ಬಂದರಿಗೆ ಬಂದು ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡು ನಿಧಾನಕ್ಕೆ ಓದು.

ನೀನು ಬರೆದದ್ದರಲ್ಲಿ ಎರಡು ಸಂಗತಿ ನನ್ನ ತಲೆಯಲ್ಲಿ ಕುಳಿತಿವೆ. ಒಂದು ನಿನ್ನ ಸಿಟ್ಟು. ಹಡಗಿನ ಊಟದ ಕೋಣೆಯಲ್ಲಿ ಪ್ರವಾಸಿಗರು ಒಬ್ಬೊಬ್ಬರೇ ಎರಡು ಸ್ಟಾರ್ಟರ್, ಎರಡು ಮೇನ್, ಆಮೇಲೆ ‘ಟೇಬಲ್ ನಡುವೆ ಇಡು, ಎಲ್ಲರೂ ರುಚಿ ನೋಡುತ್ತೇವೆ’ ಎಂದು ಇನ್ನೆರಡು ತಟ್ಟೆ ಹೇಳುತ್ತಾರೆ. ಮುಚ್ಚಳ ಹಾಕಿದ ಹತ್ತು ಹನ್ನೆರಡು ತಟ್ಟೆಯ ಹರಿವಾಣವನ್ನು ಹೆಗಲ ಮೇಲೆ ಹೊತ್ತು ಅಡಿಗೆಮನೆಗೂ ಟೇಬಲ್ಲಿಗೂ ಓಡುವವನು ನೀನು. ಮೊದಲ ಪಂಕ್ತಿ ಏಳುವ ಮೊದಲೇ ಎರಡನೇ ಪಂಕ್ತಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ಅಷ್ಟರಲ್ಲಿ ಯಾರೋ ಬೆರಳೆತ್ತಿ ‘ಇನ್ನೊಂದು’ ಎಂದರೆ ಮೈಯೆಲ್ಲ ಉರಿಯುತ್ತದೆ ಎಂದೆಯಲ್ಲ, ಆ ಉರಿ ನನಗೆ ಗೊತ್ತು. ಇಪ್ಪತ್ತು ಮಂದಿಗೆ ರೊಟ್ಟಿ ಬಡಿಯುವಾಗ ಇಪ್ಪತ್ತೊಂದನೆಯವನು ಬಂದರೆ ನನಗೂ ತೋಳು ನೋಯುತ್ತದೆ.

ಇನ್ನೊಂದು ಸಂಗತಿ ಆ ದಾವಣಗೆರೆ ಕಡೆಯ ಹಿರಿಯ ದಂಪತಿಯದು. ಮಗ ಸೊಸೆ ಕಳಿಸಿದ ಪ್ರವಾಸ, ಶುದ್ಧ ಶಾಕಾಹಾರಿಗಳು. ಒಂದು ಬಟ್ಟಲು ಸೂಪು, ಒಂದು ಸಣ್ಣ ತಟ್ಟೆ ಪಾಸ್ತಾ ತಿಂದು ಕೈಕಟ್ಟಿ ಕುಳಿತರು ಎಂದು ಬರೆದಿದ್ದೀಯ. ಪಕ್ಕದ ಟೇಬಲ್ಲಿಗೆ ಎರಡನೇ ತಟ್ಟೆ ಹೋಗುವುದನ್ನು ನೋಡಿದರು, ಆದರೂ ಬಾಯಿ ಬಿಡಲಿಲ್ಲ. ನೀನು ಕನ್ನಡದವನೆಂದು ತಿಳಿದ ಮೇಲೆ, ಅದೂ ಮೂರನೆಯ ರಾತ್ರಿ, ಆ ತಾಯಿ ನಿನ್ನ ಹತ್ತಿರ ಸಣ್ಣ ದನಿಯಲ್ಲಿ ಕೇಳಿದರು: ‘ಇನ್ನೊಂದು ತಗೊಂಡ್ರೆ ದುಡ್ಡು ಬೇರೆ ಆಗುತ್ತೇನಪ್ಪಾ?’

ಇದನ್ನು ಓದಿ ನನಗೆ ಊಟ ಸೇರಲಿಲ್ಲ. ಟಿಕೆಟ್ಟಿನಲ್ಲೇ ಊಟದ ದುಡ್ಡನ್ನು ಪೂರ್ತಿ ಕೊಟ್ಟು ಬಂದವರು ಎರಡು ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದ್ದಾರೆ. ಅದೂ ಎಂಥ ಕಡೆ? ಹಗಲೂ ರಾತ್ರಿ ಒಲೆ ಆರದ ಹಡಗಿನಲ್ಲಿ. ಹೆಚ್ಚು ಕೇಳುವವರ ಬಗ್ಗೆ ನೀನು ಎರಡು ಪುಟ ಬರೆದಿದ್ದೀಯ, ಇವರ ಬಗ್ಗೆ ನಾಲ್ಕು ಸಾಲು. ನನಗೆ ಮಾತ್ರ ಇವರದೇ ದೊಡ್ಡ ವಿಷಯ ಎನ್ನಿಸಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಊಟದ ಕೋಣೆಯ ಲೆಕ್ಕವನ್ನು ನೀನೇ ನನಗೆ ತಿಳಿಸಿ ಹೇಳಿದ್ದೆ, ನೆನಪು ಮಾಡಿಕೋ. ಒಂದು ತಟ್ಟೆಯಲ್ಲಿ ಸ್ವಲ್ಪವೇ ಇರುತ್ತದೆ, ಯಾಕೆಂದರೆ ಒಂದರ ಹಿಂದೆ ಒಂದು ಮೂರು ನಾಲ್ಕು ಬರಬೇಕು. ಮಾಂಸ ತಿನ್ನುವವನಿಗೆ ಅಷ್ಟರಲ್ಲಿ ಹೊಟ್ಟೆ ತುಂಬುತ್ತದೆ. ತಿನ್ನದವನಿಗೆ ಸೂಪು, ಸೊಪ್ಪು, ಪಾಸ್ತಾ ಸೇರಿದರೂ ನಮ್ಮ ಒಂದು ರೊಟ್ಟಿ ಪಲ್ಯದಷ್ಟು ಆಗುವುದಿಲ್ಲ. ಹಾಗಾಗಿ ಎರಡು ಸ್ಟಾರ್ಟರ್ ತರಿಸಿಕೊಳ್ಳುವುದು, ಮೇನನ್ನೇ ಸ್ಟಾರ್ಟರಿನ ಅಳತೆಯಲ್ಲಿ ಕೇಳುವುದು ಅಲ್ಲಿ ದಿನನಿತ್ಯದ ಮಾತು. ಕಾರ್ಡಿನಲ್ಲಿ ಇಲ್ಲದಿದ್ದರೂ ಹಿಂದಿನ ರಾತ್ರಿಯೇ ಹೇಳಿಟ್ಟರೆ ಅನ್ನ, ಬೇಳೆ, ಒಂದು ಪಲ್ಯ ಮಾಡಿಕೊಡುತ್ತಾರೆ. ಲಾಬ್‌ಸ್ಟರಿನಂಥ ತುಟ್ಟಿ ತಿನಿಸು ಒಂದರ ಮೇಲೆ ಬೇಕೆಂದರೆ ಬೇರೆ ದುಡ್ಡು ಹಿಡಿಯುವ ಕಂಪನಿಗಳಿವೆ. ಕಾರ್ನಿವಲ್‌ನವರು ಮೂರನೆಯ ಮೇನಿನಿಂದ ಮುಂದಕ್ಕೆ ತಟ್ಟೆಗೆ 5 ಡಾಲರ್ ಹಾಕುತ್ತಾರೆ. ಅಂದರೆ ಎರಡರ ತನಕ ಅವರೂ ತಕರಾರು ಮಾಡುವುದಿಲ್ಲ. ಇಷ್ಟನ್ನೂ ನೀನು ಬಲ್ಲೆ, ಹೆಡ್ ವೇಟರ್ ಬಲ್ಲ, ಹಡಗಿನಲ್ಲಿ ನಾಲ್ಕಾರು ಸಲ ಓಡಾಡಿದ ಬಿಳಿಯರು ಬಲ್ಲರು. ಮೊದಲ ಸಲ ಹತ್ತಿದ ಆ ತಾಯಿಗೆ ಮಾತ್ರ ಯಾರೂ ಹೇಳಿಲ್ಲ.

ಮುಂದೆ ನಿಮ್ಮ ಹಡಗುಗಳಿಗೆ ಇಂಥವರೇ ಹೆಚ್ಚು ಬರುತ್ತಾರೆ ನೋಡು. 2021ರಲ್ಲಿ ಮುಂಬೈಯಿಂದ ಕಾರ್ಡೀಲಿಯಾ ಎಂಬ ಪ್ರವಾಸಿ ಹಡಗು ಶುರುವಾದಾಗಿನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ ಎಂದು ನಮ್ಮ ಕಡೆಯ ಮಧ್ಯಮ ವರ್ಗದವರೂ ಹಡಗು ಹತ್ತುತ್ತಿದ್ದಾರೆ. ಅದರಲ್ಲಿ ಜೈನರ ಊಟವೂ ಉಂಟಂತೆ. ಅಲ್ಲಿ ರುಚಿ ಕಂಡವರು ನಾಳೆ ಸಿಂಗಪುರಕ್ಕೋ ಯುರೋಪಿಗೋ ಹೊರಟು ನಿನ್ನ ಟೇಬಲ್ಲಿಗೇ ಬಂದು ಕೂರುತ್ತಾರೆ.

ಈಗ ನನ್ನ ಖಾನಾವಳಿಯ ಮಾತು. ನೀನು ಇಲ್ಲಿದ್ದಾಗ ರಜೆಯಲ್ಲಿ ನೀರು ಬಡಿಸಿದ್ದೀಯ, ಆದರೆ ನಾನು ಹೇಳುವುದನ್ನು ಆಗ ಗಮನಿಸಿರಲಿಕ್ಕಿಲ್ಲ. ರಾಂಜಣಗಾಂವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎಲ್‌ಜಿ, ವರ್ಲ್‌ಪೂಲ್, ಫಿಯೆಟ್, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ದೊಡ್ಡ ಕಾರ್ಖಾನೆಗಳು. ಅಲ್ಲಿ ಗುತ್ತಿಗೆ ಕೆಲಸಕ್ಕೆ ಬಂದ ಹುಡುಗರು ಇಂಡಿ, ಸಿಂದಗಿ, ಅಫಜಲಪುರ, ಆಳಂದ, ಔರಾದದವರು. ಜೊತೆಗೆ ಲಾತೂರು, ನಾಂದೇಡ, ಬೀಡಿನವರು. ಈಚೆಗೆ ಉತ್ತರ ಪ್ರದೇಶ, ಬಿಹಾರದವರು. ಒಂದು ಕೋಣೆಯಲ್ಲಿ ಐದಾರು ಮಂದಿ ಇರುತ್ತಾರೆ, ಪಗಾರದ ಬಹುಪಾಲು ಊರಿಗೆ ಹೋಗುತ್ತದೆ. ತಿಂಗಳಿನ ಮೆಸ್ಸಿಗೆ ದುಡ್ಡು ಕಟ್ಟಿರುತ್ತಾರೆ: ಇಷ್ಟು ರೊಟ್ಟಿ ಅಥವಾ ಚಪಾತಿ, ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ, ಅನ್ನ, ಬೇಳೆ ಎಂದು ಲೆಕ್ಕ.

ಆ ಲೆಕ್ಕ ಮುಗಿದಾಗ ಹುಡುಗನ ಮುಖ ನೋಡಬೇಕು. ಮರಾಠಿ ಹುಡುಗರು ಒಂದಿಷ್ಟು ಧೈರ್ಯಸ್ಥರು, ‘ಕಾಕೂ, ಅಜೂನ್ ಏಕ್ ಭಾಕರೀ’ ಎಂದು ಕೂಗಿಬಿಡುತ್ತಾರೆ. ಊರು ಪರಿಚಯವಾದ ಹಳಬರೂ ಕೇಳುತ್ತಾರೆ. ಹೊಸದಾಗಿ ಬಂದವನು ಕೇಳುವುದಿಲ್ಲ. ತಟ್ಟೆಯಲ್ಲಿ ಉಳಿದ ಪಲ್ಯವನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಾನೆ, ನೀರು ಕುಡಿಯುತ್ತಾನೆ, ಮತ್ತೆ ನೀರು ಕುಡಿಯುತ್ತಾನೆ. ಎದ್ದು ಕೈತೊಳೆಯಲು ಹೋಗುವ ಮುಂಚೆ ಒಮ್ಮೆ ತವೆಯ ಕಡೆ ನೋಡುತ್ತಾನೆ. ಆ ನೋಟ ಕಂಡ ಮೇಲೆ ಲೆಕ್ಕ ಹಿಡಿದು ಕೂರುವುದು ನನ್ನ ಕೈಲಾಗುವುದಿಲ್ಲ.

ಆದರೆ ‘ಬೇಕೇನು?’ ಎಂದು ಕೇಳಿದರೆ ಅವನು ‘ಬ್ಯಾಡ್ರಿ, ಸಾಕು’ ಎಂದೇ ಹೇಳುತ್ತಾನೆ. ಹಸಿದವನ ಬಾಯಿಂದ ‘ಬೇಕು’ ಎಂದು ಹೇಳಿಸುವುದು ಕಷ್ಟ. ಅವನ ಮರ್ಯಾದೆ ಅಡ್ಡ ಬರುತ್ತದೆ, ಜೇಬಿನ ಅಳುಕೂ ಅಡ್ಡ ಬರುತ್ತದೆ. ಅದಕ್ಕೆ ನಾನು ಕೇಳುವುದನ್ನೇ ಬಿಟ್ಟೆ. ತವೆಯಿಂದ ಇಳಿಸಿದ ರೊಟ್ಟಿಯನ್ನು ಕೈಯಲ್ಲಿ ಮುರಿದು, ‘ಅರ್ಧ ಹಾಕ್ತೀನಿ, ಬಿಸಿ ಐತಿ’ ಎನ್ನುತ್ತೇನೆ. ಅರ್ಧ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ತಿಂದಾದ ಮೇಲೆ ಉಳಿದರ್ಧವನ್ನೂ ಹಾಕುತ್ತೇನೆ. ಅವನು ಕೇಳಿದಂತೆಯೂ ಆಗಲಿಲ್ಲ, ನಾನು ಪುಕ್ಕಟೆ ಕೊಟ್ಟಂತೆಯೂ ಕಾಣಲಿಲ್ಲ. ನಡುವೆ ಒಂದು ಬೆಳ್ಳುಳ್ಳಿ ಎಸಳು, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಇಟ್ಟರೆ ಊಟ ತಾನೇ ಮುಂದಕ್ಕೆ ಹೋಗುತ್ತದೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲಪ್ಪ. ನಮ್ಮ ಕಡೆಯ ಮದುವೆ ಪಂಕ್ತಿಯಲ್ಲಿ ಹಿರಿಯರು ಮಾಡುತ್ತಿದ್ದದ್ದೇ. ಹುಗ್ಗಿಯ ಬಕೇಟು ಹಿಡಿದವನು ‘ಬೇಕಾ’ ಎಂದು ಕೇಳಿದ್ದನ್ನು ನೀನು ಎಂದಾದರೂ ಕೇಳಿದ್ದೀಯಾ? ‘ತಗೋರಿ, ಇದೊಂದ್ ಸೌಟು, ನಮ್ಮ ಮಾತಿಗಾದ್ರೂ’ ಎಂದು ಬಾಗುತ್ತಿದ್ದ. ಬೇಡವಾದವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು, ಆಗ ಬಿಡುತ್ತಿದ್ದ. ಇಲ್ಲಿ ಮಹಾರಾಷ್ಟ್ರದವರೂ ಹಾಗೆಯೇ, ಜಿಲೇಬಿಯ ತಾಟು ಹಿಡಿದು ಬಂದು ಆಗ್ರಹ ಮಾಡಿ ಮಾಡಿ ತಿನ್ನಿಸುತ್ತಾರೆ. ಆಗ್ರಹವಿಲ್ಲದ ಪಂಕ್ತಿ ಅವರಿಗೆ ಪಂಕ್ತಿಯೇ ಅಲ್ಲ. ಬೇಕು ಎನ್ನುವ ಹೊರೆಯನ್ನು ಉಣ್ಣುವವನ ಮೇಲಿಂದ ತೆಗೆದು ಬಡಿಸುವವನು ಹೊರುತ್ತಿದ್ದ. ಸಾಕು ಎನ್ನುವುದಷ್ಟೇ ಉಣ್ಣುವವನ ಕೆಲಸ. ಆ ಮಾತನ್ನು ಯಾರು ಬೇಕಾದರೂ ತಲೆಯೆತ್ತಿ ಹೇಳಬಹುದು.

ನಿನಗೆ ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಚಿಕ್ಕವನಿದ್ದಾಗ ನೀನೇ ಕೇಳದ ಹುಡುಗನಾಗಿದ್ದೆ. ಬೂಂದಿ ಉಂಡೆ ನಿನ್ನ ಎಲೆ ದಾಟಿ ಹೋದರೂ ಸುಮ್ಮನೆ ಕೂರುತ್ತಿದ್ದೆ. ಪಕ್ಕದಲ್ಲಿ ಕುಳಿತ ಕಾಕಾ ‘ಏ, ಈ ಹುಡುಗಗ ಹಾಕ್ರೋ’ ಎಂದು ಕೂಗಬೇಕಾಗುತ್ತಿತ್ತು. ಆ ತಾಯಿಯ ಮನಸ್ಸು ನಿನಗೆ ತಿಳಿಯುವಷ್ಟು ನಿನ್ನ ಹೆಡ್ ವೇಟರಿಗೆ ತಿಳಿಯಲಾರದು.

ನೀನು ಹಡಗು ಸೇರಲು ಹೊರಟ ದಿನ ಮಾಟುಂಗಾದಲ್ಲಿ ಊಟ ಮಾಡಿದೆವಲ್ಲ, ಸ್ಟೇಶನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ನಮ್ಮ ಕರಾವಳಿಯಿಂದ ಬಂದ ಎ. ರಾಮ ನಾಯಕರು ಶುರುಮಾಡಿದ್ದು. ತಟ್ಟೆ ಊಟ ಬೇರೆ, ಬಾಳೆಲೆಯ ಪೂರ್ತಿ ಊಟ ಬೇರೆ. ಎಲೆ ಊಟಕ್ಕೆ ಕುಳಿತವನು ಯಾವುದಕ್ಕೂ ಕೈಯೆತ್ತಬೇಕಿರಲಿಲ್ಲ. ಸಾರು ಮುಗಿಯುವ ಮೊದಲೇ ಸಾರು, ಪಲ್ಯ ಮುಗಿಯುವ ಮೊದಲೇ ಪಲ್ಯ. ಊರು ಬಿಟ್ಟು ಮುಂಬೈಗೆ ಬಂದ ಒಂಟಿ ಗುಮಾಸ್ತರು, ಮಿಲ್ಲಿನವರು, ಕಾಲೇಜು ಹುಡುಗರು ಇಂಥ ಬೋರ್ಡಿಂಗುಗಳಲ್ಲೇ ಉಂಡು ಬದುಕು ಕಟ್ಟಿದರು. ಅಲ್ಲಿ ಬಡಿಸುವ ಹುಡುಗರು ಎಲೆಯನ್ನಷ್ಟೇ ನೋಡುತ್ತಾ ಸಾಲು ಹಿಡಿದು ಹೋಗುತ್ತಿದ್ದರು, ನೀನೂ ನೋಡಿದೆ. ನಾನು ಆವತ್ತು ನಿನ್ನ ಮುಖ ನೋಡಿಕೊಂಡೇ ಉಂಡಿದ್ದರಿಂದ ಏನು ಉಂಡೆನೋ ಸರಿಯಾಗಿ ನೆನಪಿಲ್ಲ, ಆ ಹುಡುಗರ ಕಣ್ಣು ಮಾತ್ರ ನೆನಪಿದೆ. ಕಲಬುರ್ಗಿ ಶರಣಬಸಪ್ಪನ ಗುಡಿಯ ದಾಸೋಹ, ಸಿದ್ಧಗಂಗೆಯ ಮಠ, ಧರ್ಮಸ್ಥಳದ ಅನ್ನಛತ್ರ, ಎಲ್ಲೆಲ್ಲೂ ಸಾವಿರಗಟ್ಟಲೆ ಮಂದಿಗೆ ಬಡಿಸುವುದು ಇದೇ ಕಣ್ಣಿನಿಂದ.

ಹಡಗಿನಲ್ಲಿ ಅಂಗೈ ಅಡ್ಡ ಹಿಡಿಯುವವರು ಇರುವುದಿಲ್ಲ, ಒಪ್ಪಿದೆ. ಚಾಕು ಫೋರ್ಕನ್ನು ಜೋಡಿಸಿ ತಟ್ಟೆಯ ಮೇಲೆ ಇಟ್ಟರೆ ಊಟ ಮುಗಿಯಿತು ಎಂದರ್ಥ ಎಂದು ನೀನು ಹೇಳಿಕೊಟ್ಟಿದ್ದೆ. ನಮ್ಮವರಿಗೆ ಆ ಗುರುತು ಗೊತ್ತಿಲ್ಲ. ಅವರು ಸುಮ್ಮನೆ ಎರಡನ್ನೂ ಪಕ್ಕಕ್ಕೆ ಇಟ್ಟು ಕೂರುತ್ತಾರೆ, ನೀವು ಮುಗಿಯಿತೆಂದು ತಟ್ಟೆ ಎತ್ತಿಬಿಡುತ್ತೀರಿ. ಇನ್ನು ಮೇಲೆ ನಮ್ಮ ಕಡೆಯ ಮುಖ ಕಂಡರೆ ತಟ್ಟೆ ಎತ್ತುವ ಮುನ್ನ ಒಂದು ಕ್ಷಣ ನಿಲ್ಲು.

ಆರ್ಡರ್ ತೆಗೆದುಕೊಳ್ಳುವವನು ನೀನಲ್ಲ, ನಿನ್ನ ಮೇಲಿನ ವೇಟರ್, ಅದೂ ಗೊತ್ತಿದೆ. ಆದರೆ ಮೊದಲು ಬ್ರೆಡ್ ಬುಟ್ಟಿ, ನೀರು ಹಿಡಿದು ಟೇಬಲ್ಲಿಗೆ ಹೋಗುವವನು ನೀನೇ. ಕಾರ್ಡು ಕೈಯಲ್ಲಿ ಹಿಡಿದು ಅವರು ತಬ್ಬಿಬ್ಬಾಗಿರುವ ಹೊತ್ತು ಅದು. ಆಗಲೇ ಹೇಳು: ‘ಅಮ್ಮಾ, ಇವು ಸಣ್ಣ ತಟ್ಟೆ. ನಿಮ್ಮಂಥೋರು ಎರಡು ತಗೋತಾರೆ. ಇದಕ್ಕೆ ಬೇರೆ ದುಡ್ಡಿಲ್ಲ. ನಾಳೆಗೆ ಬೇಳೆ ಅನ್ನ ಹೇಳಿಡಲಾ?’ ದುಡ್ಡಿನ ಮಾತನ್ನು ಅವರು ಕೇಳುವ ಮೊದಲು ನೀನೇ ಹೇಳಬೇಕು. ‘ನಿಮ್ಮಂಥೋರು ತಗೋತಾರೆ’ ಎನ್ನುವುದನ್ನು ಮರೆಯಬೇಡ, ತಾವೊಬ್ಬರೇ ಕೇಳುತ್ತಿಲ್ಲ ಎಂದು ಗೊತ್ತಾದರೆ ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ. ಇದರಿಂದ ನಿನ್ನ ಕಾಲಿಗೂ ಉಪಕಾರ. ಎರಡೂ ತಟ್ಟೆ ಮೊದಲ ಆರ್ಡರಿನಲ್ಲೇ ಅಡಿಗೆಮನೆಗೆ ಹೋದರೆ ಒಂದೇ ಹರಿವಾಣದಲ್ಲಿ ಬರುತ್ತವೆ. ಊಟದ ನಡುವೆ ನೆನಪಾಗಿ ಕೇಳಿದಾಗಲೇ ನೀನು ಇನ್ನೊಮ್ಮೆ ಓಡಬೇಕು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ನಿನ್ನ ಸಿಟ್ಟಿಗೆ ಅರ್ಧ ಮದ್ದು ಇಲ್ಲೇ ಇದೆ.

ಇನ್ನು ಆರು ತಟ್ಟೆ ತರಿಸಿ, ಫೋಟೋ ತೆಗೆದು, ಎರಡು ತುತ್ತು ತಿಂದು ಎದ್ದುಹೋಗುವ ಮಂದಿ. ಉಳಿದದ್ದೆಲ್ಲ ಅರೆಯುವ ಯಂತ್ರಕ್ಕೆ ಹೋಗುತ್ತದೆ ಎಂದು ನೀನು ಬರೆದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ನಿನ್ನ ತರಬೇತಿಯ ಪುಸ್ತಕ ಇಲ್ಲೇ ಇದೆಯಲ್ಲ, ತೆಗೆದು ನೋಡಿದೆ. ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧದ ಪ್ರಕಾರ 25 ಮಿಲಿಮೀಟರ್ ಜಾಲರಿಯಲ್ಲಿ ಹಾಯುವಷ್ಟು ಸಣ್ಣಗೆ ಅರೆದ ಅನ್ನವನ್ನು ದಡದಿಂದ 3 ನಾಟಿಕಲ್ ಮೈಲಿ ಆಚೆ ಕಡಲಿಗೆ ಬಿಡಬಹುದು, ಅರೆಯದೆ ಬಿಡಬೇಕಾದರೆ 12 ಮೈಲಿ. ಮೆಡಿಟರೇನಿಯನ್, ಕೆರಿಬಿಯನ್‌ನಂಥ ಕಡಲುಗಳಲ್ಲಿ ಅರೆದದ್ದಕ್ಕೂ 12 ಮೈಲಿ. ಒಬ್ಬ ರೈತ ಬೆಳೆದು, ಒಬ್ಬ ಬೇಯಿಸಿ, ನೀನು ಹೊತ್ತು ತಂದ ಅನ್ನ ಹೀಗೆ ಮೈಲಿ ಲೆಕ್ಕದಲ್ಲಿ ನೀರು ಸೇರುವುದನ್ನು ಓದಿ ಆ ಪುಸ್ತಕ ಮುಚ್ಚಿಟ್ಟೆ.

ಆದರೂ ಅದಕ್ಕೆ ಮುಖ ಸಿಂಡರಿಸಬೇಡ. ನಿನ್ನ ಮುಖ ನೋಡಿ ಚೆಲ್ಲುವವನು ಚೆಲ್ಲುವುದನ್ನು ಬಿಡುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಕುಳಿತ ಆ ತಾಯಿ ಮಾತ್ರ ಇನ್ನಷ್ಟು ಮುದುಡುತ್ತಾಳೆ. ನನ್ನ ಅನುಭವದಲ್ಲಿ ಜನ ರಾಶಿ ಹಾಕಿಕೊಳ್ಳುವುದು ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯದಿಂದ. ನಾನು ಮೊದಲು ರೊಟ್ಟಿಯೆಲ್ಲ ಬಡಿದು ಬುಟ್ಟಿಯಲ್ಲಿಟ್ಟು ಮೇಜಿಗೆ ಕೊಡುತ್ತಿದ್ದಾಗ ಹುಡುಗರು ನಾಲ್ಕು ನಾಲ್ಕು ಎತ್ತಿಕೊಳ್ಳುತ್ತಿದ್ದರು, ಕೊನೆಯದು ಒಣಗಿ ಉಳಿಯುತ್ತಿತ್ತು. ತವೆಯಿಂದ ಒಂದೊಂದೇ ಬಿಸಿಯಾಗಿ ಹೋಗತೊಡಗಿದ ಮೇಲೆ ತುಣುಕೂ ಉಳಿಯುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ. ನಿಮ್ಮಲ್ಲೂ ಸ್ಟಾರ್ಟರಿನ ಅಳತೆಯ ತಟ್ಟೆ ಇದೆಯಲ್ಲ, ರುಚಿ ನೋಡಬೇಕು ಎನ್ನುವವರಿಗೆ ಅದನ್ನೇ ಮುಂದಿಡು. ‘ಮೊದಲು ಸಣ್ಣದು ತರ್ತೀನಿ, ಹಿಡಿಸಿದರೆ ಇನ್ನೊಂದು ತಕ್ಷಣ ತರ್ತೀನಿ’ ಎಂದು ಹೇಳು, ಹೇಳಿದಂತೆ ತಕ್ಷಣ ತಾ. ಎರಡನೆಯದು ತಡವಾದರೆ ಮರುದಿನ ಅವರು ಮೊದಲೇ ಆರು ಹೇಳುತ್ತಾರೆ.

ಇಲ್ಲಿನ ಸುದ್ದಿ: ಈ ಸಲ ಮಂಗಳವೇಢೆಯ ಮಾಲದಂಡಿ ಜೋಳ ಚೆನ್ನಾಗಿ ಸಿಕ್ಕಿದೆ, ರೊಟ್ಟಿ ಬೆಳ್ಳಗೆ ಬರುತ್ತದೆ. ಶಿರೂರಿನ ಕಡೆಯ ಹುಡುಗರು ಸಜ್ಜಿ ಭಾಕರಿಯೇ ಬೇಕೆಂದು ಹಟ ಹಿಡಿಯುತ್ತಾರೆ, ಚಳಿಗಾಲಕ್ಕೆ ಅದನ್ನೂ ಬಡಿಯುತ್ತೇನೆ. ನಗರ ರಸ್ತೆಯ ಟ್ರಾಫಿಕ್ಕು ಹೆಚ್ಚಾಗಿದೆ, ಪುಣೆಯಿಂದ ಐವತ್ತು ಕಿಲೋಮೀಟರ್ ಬರಲು ಎರಡು ತಾಸು ಬೇಕು. ಅವ್ವ ಊರಿನಲ್ಲಿ ಆರಾಮ, ಮೊಣಕಾಲು ನೋವು ಮಾತ್ರ ಬಿಟ್ಟಿಲ್ಲ.

ಕೊನೆಗೆ ನಿನ್ನ ಊಟದ ಮಾತು. ಮೆಸೇಜಿನ ತುದಿಯಲ್ಲಿ, ಹೇಳಬಾರದೆಂದುಕೊಂಡೂ ಹೇಳಿಬಿಟ್ಟಂತೆ ಬರೆದಿದ್ದೀಯ: ಸಿಬ್ಬಂದಿಯ ಮೆಸ್ಸಿನಲ್ಲಿ ದಿನವೂ ಅದೇ ಅನ್ನ, ಅದೇ ಕೋಳಿ, ಬೇಳೆ ವಾರಕ್ಕೊಮ್ಮೆ, ಪಾಳಿ ಮುಗಿಸಿ ಬರುವಷ್ಟರಲ್ಲಿ ಪಲ್ಯದ ಪಾತ್ರೆ ತಳ ಕಾಣುತ್ತದೆ, ಬ್ರೆಡ್ ತಿಂದು ಮಲಗುತ್ತೀಯ. ದಿನವೆಲ್ಲ ಮಂದಿಗೆ ಎರಡನೇ ತಟ್ಟೆ ಹೊರುವವನು ತನ್ನ ಮೊದಲ ತಟ್ಟೆಗೇ ಬಾಯಿ ಬಿಡದೆ ಬರುತ್ತಾನಲ್ಲ, ಇದನ್ನು ನಾನು ಹೇಗೆ ಸಹಿಸಲಿ? ನಿನ್ನ ಆ ತರಬೇತಿಯ ಪುಸ್ತಕದಲ್ಲೇ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಎಂಬುದೂ ಇದೆ, ಭಾರತ 2015ರಲ್ಲಿ ಅನುಮೋದಿಸಿದ್ದು. ಹಡಗಿನ ಕೆಲಸಗಾರನ ಊಟಕ್ಕೆ ಕಂಪನಿ ದುಡ್ಡು ಹಿಡಿಯುವಂತಿಲ್ಲ. ಊಟ ಸಾಕಷ್ಟಿರಬೇಕು, ಬೇರೆಬೇರೆ ಬಗೆಯದಿರಬೇಕು, ಕೆಲಸಗಾರರ ಧರ್ಮ, ಪದ್ಧತಿಗಳನ್ನು ಗಮನದಲ್ಲಿಟ್ಟು ಮಾಡಿರಬೇಕು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿಯೂ ನಿನ್ನದು. ಅದು ಯಾರ ದಯೆಯೂ ಅಲ್ಲ. ಆ ತಾಯಿ ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದಾಳೆ, ನೀನು ಬೆವರು ಕೊಟ್ಟಿದ್ದೀಯ.

ಮನೆಯ ಶೇಂಗಾ ಹಿಂಡಿ, ಅಗಸಿ ಚಟ್ನಿ ಕಳಿಸೋಣವೆಂದರೆ ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಒಯ್ಯಗೊಡುವುದಿಲ್ಲ ಎಂದಿದ್ದೀಯ. ಹಾಗಾದರೆ ಅಲ್ಲಿಯದನ್ನೇ ಕೇಳಬೇಕು. ನಿನ್ನ ಜೊತೆಯ ಗೋವಾ, ಮಂಗಳೂರು, ಕೇರಳದ ಹುಡುಗರನ್ನು ಕೂಡಿಸಿಕೊಂಡು ಸಿಬ್ಬಂದಿಯ ಅಡಿಗೆಯವನ ಹತ್ತಿರ ಹೋಗು. ದಿನಾ ಒಂದು ಪಾತ್ರೆ ಬೇಳೆ, ತಡ ಪಾಳಿಯವರಿಗೆ ಎತ್ತಿಟ್ಟ ಪಲ್ಯ, ಇಷ್ಟೇ ಕೇಳಿ. ಅವನು ಆಗದು ಎಂದರೆ ಅವನ ಮೇಲಿನವನನ್ನು ಮರ್ಯಾದೆಯಿಂದ, ಆದರೆ ಬರೆದು ಕೇಳಿ. ಮುಂದಿನ ಬಂದರು ತಲುಪಿದಾಗ ಬೇರೆ ಏನೂ ಬರೆಯದಿದ್ದರೂ ಚಿಂತೆಯಿಲ್ಲ. ಬೇಳೆ ಕೇಳಿದೆಯೋ ಇಲ್ಲವೋ, ಅವರು ಏನೆಂದರು, ಅದನ್ನು ಬರೆ.

ಆ ದಂಪತಿ ಕೊನೆಯ ರಾತ್ರಿ ಏನು ಉಂಡರು ಎಂಬುದನ್ನೂ ಬರೆ.

ನಿನ್ನ ಪ್ರೀತಿಯ
ಅಕ್ಕ